ಸೊಂಟದ ಎಕ್ಸ್-ರೇ ಎಲ್ಲಿ ಸ್ವಾಮಿ?

"ನಮಗೆ ಇವು ಮೊದಲು ಮನೆ ಮಕ್ಕಳು, ಆಮೇಲೆ ಶೋ ನಾಯಿಗಳು." ಬೆಂಗಳೂರಲ್ಲಿ ಲ್ಯಾಬ್ರಡಾರ್ ಮರಿ ಹುಡುಕಿದವರು ಈ ಮಾತನ್ನ ಒಂದ್ಸಲವಾದರೂ ಕೇಳಿರ್ತೀರಿ. ನಾನೂ ಕೇಳಿದ್ದೆ. ಸೋಫಾ ಮೇಲೆ ಕಾಲು ಚಾಚಿ ಮಲಗಿದ್ದ ತಾಯಿ ನಾಯಿ, ಗೋಡೆ ತುಂಬ ರಿಬ್ಬನ್ನು, ಶೋಕೇಸಲ್ಲಿ ಕಪ್ಪುಗಳು, ಮನೆಯವರು ಕೊಟ್ಟ ಫಿಲ್ಟರ್ ಕಾಫಿ. ಪಂಜರದಲ್ಲಿಟ್ಟು ಮಾರೋ ಅಂಗಡಿಗೆ ಹೋಗದೆ ಎಂಥ ಒಳ್ಳೆ ಕಡೆ ಬಂದೆ ಅಂತ ಬೀಗುತ್ತಾ ಮರಿ ಎತ್ಕೊಂಡು ಬಂದೆ.

ಹನ್ನೊಂದು ತಿಂಗಳಾಗೋ ಹೊತ್ತಿಗೆ ಅದು ಮೆಟ್ಟಿಲ ಹತ್ತಿರ ನಿಂತು ನನ್ನ ಮುಖ ನೋಡೋಕೆ ಶುರುಮಾಡಿತು. ಓಡುವಾಗ ಹಿಂಗಾಲು ಎರಡನ್ನೂ ಜೋಡಿಸಿ ಮೊಲದ ಥರ ಕುಪ್ಪಳಿಸ್ತಿತ್ತು. ನಾವು ನಗ್ತಾ ವಿಡಿಯೋ ಮಾಡಿದ್ವಿ. ಎಕ್ಸ್-ರೇ ನೋಡಿದ ಡಾಕ್ಟ್ರು ನಗಲಿಲ್ಲ. ಹಿಪ್ ಡಿಸ್‌ಪ್ಲೇಸಿಯಾ, ಎರಡೂ ಕಡೆ. ತೊಡೆಮೂಳೆಯ ಗುಂಡು ಸೊಂಟದ ಗುಳಿಯಲ್ಲಿ ಸರಿಯಾಗಿ ಕೂತಿಲ್ಲ, ಸಡಿಲವಾಗಿ ಉಜ್ಜಿ ಉಜ್ಜಿ ಕೀಲು ಸವೀತಾ ಹೋಗುತ್ತೆ ಅಂದ್ರು.

ಬ್ರೀಡರ್‌ಗೆ ಫೋನ್ ಮಾಡಿದೆ. ದುಡ್ಡು ವಾಪಸ್ ಕೇಳೋಕಲ್ಲ. ಅದೇ ಜೋಡಿಯಿಂದ ಮತ್ತೆ ಮರಿ ಹಾಕಿಸೋ ಮುಂಚೆ ಅಪ್ಪ-ಅಮ್ಮನ ಸೊಂಟ ಒಮ್ಮೆ ತೋರಿಸಿ ಅಂತ ಹೇಳೋಕೆ. "ಆರಾಮಾಗಿ ಓಡಾಡ್ಕೊಂಡಿದಾವಲ್ಲ ಸರ್. ಅಪ್ಪ ಚಾಂಪಿಯನ್ನು. ನೀವೇ ಟೈಲ್ಸ್ ಮೇಲೆ ಓಡಿಸಿರ್ತೀರಿ." ಎಕ್ಸ್-ರೇ ಯಾವತ್ತಾದ್ರೂ ತೆಗೆಸಿದೀರಾ ಅಂತ ಕೇಳಿದೆ. "ಅದಕ್ಕೆ ಮತ್ತು ಕೊಡ್ಬೇಕಲ್ಲ ಸರ್. ಮನೆ ಮಗೂಗೆ ಹಾಗೆಲ್ಲ ಮಾಡ್ಸೋಕೆ ಮನಸ್ಸು ಬರಲ್ಲ."

ನನಗೆ ಸಿಟ್ಟು ಬಂದದ್ದು ಇಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಆದರೆ ಹೆಗ್ಗಣದ ಮರಿಗಳನ್ನ ಊರಿಗೆಲ್ಲ ಮಾರುವಾಗ ಆ ಮುದ್ದನ್ನೇ ಪರೀಕ್ಷೆ ಮಾಡಿಸದೇ ಇರೋದಕ್ಕೆ ನೆಪ ಮಾಡ್ಕೊಂಡರೆ? ಅಂಗಡಿಯವನು ಕನಿಷ್ಠ ಪ್ರೀತಿಯ ಮಾತಾಡಲ್ಲ.

ಅವರ ಮಾತಲ್ಲಿ ಅರ್ಧ ನಿಜ ಇದೆ. ನುಣುಪು ನೆಲ, ಅತಿ ತೂಕ, ಮರಿಗೆ ಗಡದ್ದಾಗಿ ತಿನ್ನಿಸೋದು, ಎಲ್ಲವೂ ಈ ತೊಂದರೆ ಹೆಚ್ಚಿಸುತ್ತವೆ. ಇದು ಒಂದೇ ಜೀನ್‌ನಿಂದ ಬರೋ ಕಾಯಿಲೆಯೂ ಅಲ್ಲ. ಅಪ್ಪ-ಅಮ್ಮನ ಸೊಂಟ ಚೆನ್ನಾಗಿದ್ದರೂ ಒಂದೆರಡು ಮರಿಗೆ ಬರಬಹುದು. ಆದರೆ ನೋಡೋದೇ ಬೇಡ ಅನ್ನೋಕೆ ಇದ್ಯಾವುದೂ ಕಾರಣ ಅಲ್ಲ. ಅಮೆರಿಕದ ಓಎಫ್‌ಎ ಸಂಸ್ಥೆ ನಾಯಿಗೆ 24 ತಿಂಗಳು ತುಂಬುವ ತನಕ ಸೊಂಟದ ಅಂತಿಮ ದರ್ಜೆಯನ್ನೇ ಕೊಡಲ್ಲ. ನಮ್ಮ 2017ರ ನಾಯಿ ಬ್ರೀಡಿಂಗ್ ನಿಯಮಗಳ ಪ್ರಕಾರ ಹೆಣ್ಣಿಗೆ 18 ತಿಂಗಳಾದರೆ ಸಾಕು. ಅಂದರೆ ಕಾನೂನು ಚಾಚೂ ತಪ್ಪದೆ ಪಾಲಿಸಿದವರೂ ಸೊಂಟದ ಗತಿ ಪಕ್ಕಾ ಆಗೋ ಮುಂಚೆ ಮರಿ ಹಾಕಿಸಬಹುದು. ಇನ್ನು ಕೆಸಿಐ ಪೇಪರ್? ಅಪ್ಪ ಯಾರು, ಅಜ್ಜ ಯಾರು ಅಂತ ಹೇಳೋ ವಂಶವೃಕ್ಷ ಅದು, ಹೆಲ್ತ್ ರಿಪೋರ್ಟ್ ಅಲ್ಲ. ರಿಂಗಲ್ಲಿ ಜಡ್ಜ್ ಹಲ್ಲು ನೋಡ್ತಾರೆ, ತಲೆ ಮುಟ್ಟಿ ನೋಡ್ತಾರೆ, ಬಾಲ, ಕೋಟು, ಒಂದು ಸುತ್ತು ನಡಿಗೆ. ಕೀಲಿನ ಗುಳಿ ಎಷ್ಟು ಆಳ ಇದೆ ಅನ್ನೋದು ಅವರ ಕೈಗೆ ಸಿಗಲ್ಲ.

ಮಡಿಲಲ್ಲಿಟ್ಟು ಬೆಳೆಸಿದ ಮಾತ್ರಕ್ಕೆ ತಳಿ ಉಳಿಯಲ್ಲ ಅನ್ನೋದಕ್ಕೆ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ನೋಡಿ. ಮಡಿಲಿಗೆಂದೇ ಹುಟ್ಟಿದ ತಳಿ. ತಲೆಬುರುಡೆ ಮಿದುಳಿಗೆ ಸಾಲದಷ್ಟು ಚಿಕ್ಕದು, ಬೆನ್ನುಹುರಿಯಲ್ಲಿ ನೀರು ತುಂಬೋ ನೋವಿನ ಕಾಯಿಲೆ, ಜೊತೆಗೆ ಹೃದಯದ ಕವಾಟದ ತೊಂದರೆ. ಆ ಕಾಯಿಲೆ ಇದ್ದ ಶೋ ವಿಜೇತ ನಾಯಿಯಿಂದಲೂ ಮರಿ ಹಾಕಿಸಿದ್ದನ್ನ 2008ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರವೊಂದು ಬಯಲಿಗೆಳೆಯಿತು. ಮರುವರ್ಷ ಬಿಬಿಸಿ ಕ್ರಫ್ಟ್ಸ್ ಶೋ ಪ್ರಸಾರವನ್ನೇ ಬಿಟ್ಟಿತು. ನಾರ್ವೆಯಲ್ಲಿ ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಿ, 2023ರಲ್ಲಿ ಆ ತಳಿಯ ಬ್ರೀಡಿಂಗ್ ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಅಂತ ತೀರ್ಪಾಯಿತು. ಆ ಬ್ರೀಡರುಗಳೂ ತಮ್ಮ ನಾಯಿಗಳನ್ನ ದ್ವೇಷಿಸ್ತಿರಲಿಲ್ಲ.

ಹಾಗಂತ ಮನೇಲಿ ಬೆಳೆಸೋದು ಸುಳ್ಳು ಹೆಚ್ಚುಗಾರಿಕೆ ಅಂತಲ್ಲ, ಅದೇ ದೊಡ್ಡ ಆಸ್ತಿ. ಬೆಳಗ್ಗೆ ಎದ್ದೇಳುವಾಗ ನಾಯಿ ಎಷ್ಟು ಹೊತ್ತು ತಗೊಳ್ಳುತ್ತೆ, ಕುಕ್ಕರ್ ಸೀಟಿಗೆ ಮಂಚದ ಕೆಳಗೆ ಓಡುತ್ತಾ, ಮಗು ತಟ್ಟೆ ಹತ್ತಿರ ಬಂದರೆ ಗುರ್ ಅನ್ನುತ್ತಾ, ಇವೆಲ್ಲ ಯಾವ ಜಡ್ಜ್‌ಗೂ ಕಾಣಲ್ಲ. ಜೊತೆಗಿದ್ದವರಿಗೆ ಮಾತ್ರ ಗೊತ್ತು. ಗೊತ್ತಿದ್ದೂ ರಿಬ್ಬನ್ ನೋಡಿಯೇ ಜೋಡಿ ಮಾಡೋದಾದರೆ ಮನೇಲಿಟ್ಟುಕೊಂಡು ಬಂದ ಭಾಗ್ಯ ಏನು? ಊರೂರು ತಿರುಗಿಸಿ, ಹ್ಯಾಂಡ್ಲರ್‌ಗೆ ದುಡ್ಡು ಸುರಿದು ಚಾಂಪಿಯನ್ ಮಾಡಿದ ಗಂಡುನಾಯಿಯ ಎಕ್ಸ್-ರೇ ಕೆಟ್ಟದ್ದು ಬಂದ ದಿನ, "ಇವನಿಗೆ ಇನ್ನು ಮರಿ ಬೇಡ, ಮನೇಲಿರಲಿ" ಅಂತ ಆಪರೇಷನ್ ಮಾಡಿಸ್ತಾರಲ್ಲ, ಅವರು ಹೇಳಲಿ ಮನೆ ಮಗು ಮೊದಲು ಅಂತ. ಅಂಥವರು ಇದ್ದಾರೆ. ಅವರ ಮರಿಗೆ ಎರಡು ವರ್ಷ ಕಾಯಬೇಕಾದರೂ ಕಾಯಿರಿ.

"ಬೀದಿ ನಾಯೀನೇ ಸಾಕ್ರಿ" ಅನ್ನೋ ಗೆಳೆಯರಿಗೆ: ಸರಿ, ನನ್ನ ಮುಂದಿನದ್ದು ಇಂಡೀನೇ. ಆದರೆ ಲ್ಯಾಬ್ ಕೊಳ್ಳೋರು ನಾಳೆಯಿಂದ ನಿಂತುಹೋಗಲ್ಲ. ಮತ್ತು ಕೊಳ್ಳೋ ನಾವೂ ಕಮ್ಮಿ ಇಲ್ಲ. ವಾಟ್ಸ್ಯಾಪಲ್ಲಿ ನಾವು ಕೇಳೋದೇನು? ರೇಟ್ ಎಷ್ಟು, ಬಣ್ಣ ಯಾವುದು, "ಹೆವಿ ಬೋನ್" ಇದ್ಯಾ, ತಲೆ ದಪ್ಪ ಇದ್ಯಾ. ಭಾರದ ಮೂಳೆ, ದಪ್ಪ ಮೈ ಕೇಳಿದ್ದು ನಾವೇ, ಆ ಭಾರ ಹೊರೋದು ಅದೇ ಸೊಂಟ. ನಾನೂ ಕೇಳಿದ್ದೆ, ಸುಳ್ಳು ಯಾಕೆ. ಇದು ಎಷ್ಟನೇ ಸಲದ ಮರಿ ಅಂತ ಕೇಳಿರಲಿಲ್ಲ. ನಿಯಮದಲ್ಲಿ ಜೀವಮಾನಕ್ಕೆ ಐದೇ ಸಲ, ಎಂಟು ವರ್ಷ ದಾಟಿದರೆ ಅದೂ ಇಲ್ಲ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ರಿಜಿಸ್ಟ್ರೇಷನ್ ತೋರಿಸಿ ಅಂದಿರಲಿಲ್ಲ. ಕಾಫಿ ಚೆನ್ನಾಗಿತ್ತು, ಕೇಳೋಕೆ ಸಂಕೋಚ ಆಯಿತು.

ನಮ್ಮವನಿಗೆ ಈಗ ಆರು ವರ್ಷ. ಕಾರಿಗೆ ರ‍್ಯಾಂಪ್ ಹಾಕ್ತೀವಿ, ಹಾಲ್ ಪೂರ್ತಿ ರಬ್ಬರ್ ಮ್ಯಾಟು. ಹೋದ ತಿಂಗಳು ಅದೇ ಮನೆಯವರ ಇನ್‌ಸ್ಟಾಗ್ರಾಮಲ್ಲಿ ಹೊಸ ಮರಿಗಳ ಫೋಟೋ ಬಂತು. ಎಂಟು ಮರಿ, ಅದೇ ಅಪ್ಪ, "ಚಾಂಪಿಯನ್ ಲೈನ್, ಮನೇಲೇ ಬೆಳೆದ ಮಕ್ಕಳು" ಅಂತ ಬರೆದಿದ್ರು. ಅಪ್ಪನ ಸೊಂಟದ ಎಕ್ಸ್-ರೇ ಹಾಕ್ತೀರಾ ಅಂತ ಕೆಳಗೆ ಕೇಳಿದೆ. ಐದು ನಿಮಿಷಕ್ಕೆ ಉತ್ತರ ಬಂತು: "ಪ್ರೈಸ್‌ಗೆ ಡಿಎಂ ಮಾಡಿ ಸರ್."