ಗೆದ್ದರೂ ಸಿಗದ ಸದಸ್ಯತ್ವ

1981ರ ವಿಂಬಲ್ಡನ್ ಫೈನಲ್‌ನಲ್ಲಿ ಜಾನ್ ಮೆಕೆನ್ರೋ ಬೋರ್ಗ್‌ರನ್ನು ಮಣಿಸಿದರು. ಚಾಂಪಿಯನ್ನರಿಗೆ ರೂಢಿಯಂತೆ ಸಲ್ಲುವ ಗೌರವ ಸದಸ್ಯತ್ವವನ್ನು ವಿಂಬಲ್ಡನ್ ನಡೆಸುವ ಕ್ಲಬ್ಬು ಆ ವರ್ಷ ಅವರಿಗೆ ಕೊಡಲಿಲ್ಲ. ಅಂಪೈರ್ ಜತೆಗಿನ ಅವರ ಜಗಳ ಕ್ಲಬ್ಬಿನ ದೊಡ್ಡವರಿಗೆ ಪಥ್ಯವಾಗಿರಲಿಲ್ಲ. 1990ರ ಆಸ್ಟ್ರೇಲಿಯನ್ ಓಪನ್‌ನಲ್ಲಂತೂ ಬೈಗುಳಕ್ಕಾಗಿ ಪಂದ್ಯವನ್ನೇ ಕಳೆದುಕೊಂಡರು.

ಇದಕ್ಕೆ ತದ್ವಿರುದ್ಧವಾಗಿ ಸಜ್ಜನಿಕೆಗೆ ಹೆಸರಾದ ಆಟಗಾರ ಸ್ಟೀಫನ್ ಎಡ್ಬರ್ಗ್ ಸಿಂಗಲ್ಸ್‌ನಲ್ಲಿ ಗೆದ್ದದ್ದು ಆರು ಗ್ರ್ಯಾಂಡ್‌ಸ್ಲಾಂ, ಮೆಕೆನ್ರೋಗಿಂತ ಒಂದು ಕಡಿಮೆ. ಪುರುಷರ ಟೆನಿಸ್ ಸಂಘಟನೆಯಾದ ಎಟಿಪಿಯ ಕ್ರೀಡಾಸ್ಫೂರ್ತಿ ಪ್ರಶಸ್ತಿಗೆ ಮಾತ್ರ ಎಡ್ಬರ್ಗ್ ಹೆಸರು. ಫೆಡರರ್ ಅದನ್ನು 13 ಸಲ ಪಡೆದರು.

ಹಾಗೆಂದು ಸಜ್ಜನಿಕೆಗೇ ಪೂರ್ತಿ ಅಂಕ ಕೊಡಲು ಮನಸ್ಸು ಒಪ್ಪದು. ಎಡ್ಬರ್ಗ್ ಅವರ ಬ್ಯಾಕ್‌ಹ್ಯಾಂಡ್ ವಾಲಿ ನನಗೆ ನೆನಪಿದೆ, ಒಂದು ಮಾತೂ ನೆನಪಿಲ್ಲ! ಮೆಕೆನ್ರೋ ಕೂಗಾಟದಲ್ಲಿ ಗೆಲುವಿನ ಹಸಿವಿತ್ತು, ನಿಜ. ಆದರೆ ಬೈಸಿಕೊಂಡ ಲೈನ್ ಅಂಪೈರ್‌ಗಳು ತಿರುಗಿ ಬೈಯುವಂತಿರಲಿಲ್ಲ. ಅದೇ ಸಿಟ್ಟನ್ನು ಮುಂದೆ ಜಾಹೀರಾತಿನ ತಮಾಷೆಯಾಗಿ ಮಾರಿದ್ದು ನನಗಂತೂ ಹಿಡಿಸಿಲ್ಲ.