ಒಂದು ಹೂವಲ್ಲ, ಹೂಗಳ ಕಟ್ಟು

ಮಕ್ಕಳೇ, ನೋಟಿನ ಒಂದು ಕಟ್ಟು ದೂರಕ್ಕೆ ಒಂದೇ ವಸ್ತುವಿನಂತೆ ಕಾಣುತ್ತದೆ. ಬಿಚ್ಚಿ ಎಣಿಸಿದರೆ 100 ನೋಟು! ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಸೂರ್ಯಕಾಂತಿ ಕಂಡಾಗಲೆಲ್ಲ ಆ ಕಟ್ಟೇ ನೆನಪಾಗುತ್ತದೆ. ನಾವು ಒಂದು ಹೂ ಎನ್ನುವುದು ನಿಜವಾಗಿ ನೂರಾರು ಪುಟ್ಟ ಹೂಗಳ ತಲೆ. ಅಂಚಿನಲ್ಲಿ ನಾಲಗೆಯಂತೆ ಚಾಚಿದ ಒಂದೊಂದು ‘ಎಸಳೂ’ ಒಂದು ಹೂ. ನಡುವಿನ ತಟ್ಟೆಯಲ್ಲಿ ಒತ್ತೊತ್ತಾಗಿ ನಿಂತ ಸಣ್ಣ ಕೊಳವೆಗಳೂ ಒಂದೊಂದು ಹೂ. ಸೂರ್ಯಕಾಂತಿಯಲ್ಲಿ ಕಾಳು ಕಟ್ಟುವುದು ಈ ಕೊಳವೆ ಹೂಗಳಲ್ಲಿ. ಸೇವಂತಿಗೆ, ಚೆಂಡುಹೂ, ಹುಚ್ಚೆಳ್ಳು ಎಲ್ಲವೂ ಇದೇ ಮನೆತನದವು.

ಈ ಮನೆತನದ ಎರಡು ಕಾಡುಹೂಗಳು ಮಳೆ ಬಿದ್ದ ಮೇಲೆ ನಮ್ಮ ಕಡೆ ಎಲ್ಲೆಲ್ಲೂ ಇರುತ್ತವೆ. ಚನ್ನಗಿರಿಯ ಕೆರೆ ಏರಿ, ಹೊನ್ನಾಳಿಯ ಹೊಳೆ ದಂಡೆ, ನ್ಯಾಮತಿಯ ರಸ್ತೆ ಬದಿ, ಜಗಳೂರಿನ ಬೀಳು ಹೊಲ, ಎಲ್ಲಿ ಬೇಕಾದರೂ ಹುಡುಕಿ. ಎರಡಕ್ಕೂ ಅಂಚಿನಲ್ಲಿ ಸುಮಾರು ಐದು ಬಿಳಿ ಹೂಗಳು. ಹಾಗಾದರೆ ಬೇರೆ ಮಾಡುವುದು ಹೇಗೆ? ಖೋಟಾ ನೋಟು ಹಿಡಿಯುವ ಹಾಗೆ, ಒಂದಲ್ಲ, ಮೂರು ಗುರುತು ನೋಡಬೇಕು.

ಮೊದಲನೆಯದು ಟ್ರೈಡ್ಯಾಕ್ಸ್. ಗೇಣುದ್ದದ ಕಡ್ಡಿಯ ತುದಿಯಲ್ಲಿ ಒಂದೇ ತಲೆ. ನಡು ಹಳದಿ. ಅಂಚಿನ ಹೂವಿನ ತುದಿಯಲ್ಲಿ ಮೂರು ಹಲ್ಲು. ಒಣಗಿದ ಮೇಲೆ ಬೀಜಗಳು ರೋಮದ ಕುಚ್ಚು ಬಿಚ್ಚಿ ಗಾಳಿಯಲ್ಲಿ ಹಾರುತ್ತವೆ.

ಎರಡನೆಯದು ಪಾರ್ಥೇನಿಯಂ. ನಮ್ಮೂರ ಮಾತಿನಲ್ಲಿ ಕಾಂಗ್ರೆಸ್ ಗಿಡ. ಕವಲೊಡೆದ ಕಡ್ಡಿಗಳ ತುಂಬ ತಲೆಗಳು. ಒಂದೊಂದೂ ಜೋಳದ ಕಾಳಿನಷ್ಟು. ನಡುವೂ ಬಿಳಿ. ಐದು ಮೂಲೆಯಲ್ಲಿ ಐದು ಕಿರುಹೂ. ಇಲ್ಲಿ ಲೆಕ್ಕ ಸೂರ್ಯಕಾಂತಿಗೆ ತಿರುಗಾಮುರುಗಾ: ಬೀಜ ಕಟ್ಟುವುದು ಅಂಚಿನ ಈ ಐದು ಮಾತ್ರ, ನಡುವಿನವು ಬರೀ ಪರಾಗ ಕೊಡುತ್ತವೆ. ತಲೆಗೆ ಐದೇ ಬೀಜ ಎಂದು ಹಗುರವಾಗಿ ಎಣಿಸಬೇಡಿ. ಗಿಡದಲ್ಲಿ 3,000 ತಲೆ ಇದ್ದರೆ 15,000 ಬೀಜ! ಅಮೆರಿಕ ಖಂಡದಿಂದ ಬಂದು, 1950ರ ದಶಕದಲ್ಲಿ ಪುಣೆಯಲ್ಲಿ ಜನರ ಕಣ್ಣಿಗೆ ಬಿದ್ದ ಈ ಕಳೆ ದೇಶದ ತುಂಬ ಹಬ್ಬಿದ್ದು ಹೀಗೆ.

ಈ ಗುರುತು ಯಾಕೆ ಬೇಕೆಂದರೆ, ಪಾರ್ಥೇನಿಯಂ ಮುಟ್ಟಿದರೆ ಕೆಲವರಿಗೆ ಮೈಯೆಲ್ಲ ತುರಿಕೆ. ಪರಾಗ ಮೂಗಿಗೆ ಹೋದರೆ ಸೀನು, ಉಬ್ಬಸ. ಬಿಳಿ ಹೂ ಚೆಂದವೆಂದು ಕಿತ್ತು ಮನೆಗೆ ತಂದರೆ ಉಬ್ಬಸದ ಅಜ್ಜನಿಗೆ ಕಷ್ಟ. ಈ ಗಿಡ ಕೀಳುವುದು ದೊಡ್ಡವರ ಕೆಲಸ. ಕೈಗೆ ಚೀಲ ಕಟ್ಟಿಕೊಂಡು, ಹೂ ಬಿಡುವ ಮುಂಚೆಯೇ ಬೇರುಸಹಿತ ಕೀಳಬೇಕು.

ಈ ಭಾನುವಾರ ಅಜ್ಜಿಯ ಭೂತಗನ್ನಡಿ ಕೇಳಿ ತನ್ನಿ. ಸೇವಂತಿಗೆಯೊಂದನ್ನು ಬಿಡಿಸಿ, ಅದರಲ್ಲಿ ಹೂಗಳೆಷ್ಟು ಎಂದು ಇಬ್ಬರೂ ಕೂತು ಎಣಿಸಿ. ಆಮೇಲೆ ಬಯಲಿಗೆ ಹೊರಡಿ. ಅಲ್ಲಿ ಮಾತ್ರ ಕಣ್ಣಿಗೆ ಕೆಲಸ, ಕೈಗೆ ರಜೆ!