ಮಾತು ಕೇಳದ ದೀಪ

ಹೋದ ತಿಂಗಳು ಕುರುಡುಮಲೆಗೆ ಹೋಗಿದ್ದೆ. ಮುಳಬಾಗಿಲಿನಿಂದ ಹತ್ತು ಕಿಲೋಮೀಟರಿನ ದಾರಿ. 13 ಅಡಿ ಮೀರಿದ ಆ ಏಕಶಿಲೆಯ ಗಣಪನಿಗೆ ಕೈಮುಗಿದು ದೊಡ್ಡಮ್ಮನ ಮನೆಗೆ ಬಂದರೆ, ಅವರು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದರು.

“ಏನಾಯ್ತು ದೊಡ್ಡಮ್ಮ?”

“ಏನಿಲ್ಲಮ್ಮ. ರಾತ್ರಿ ಎದ್ದು ಲೈಟು ಹಾಕು ಅಂತ ಆ ಡಬ್ಬಿಗೆ ಮೂರು ಸಲ ಹೇಳಿದೆ. ಅದೇನೋ ಇಂಗ್ಲಿಷಿನಲ್ಲಿ ಗೊಣಗಿತು. ಕತ್ತಲಲ್ಲೇ ಹೊರಟೆ, ಹೊಸಲು ಎಡವಿದೆ.”

ಬೆಂಗಳೂರಿನಲ್ಲಿರುವ ಮಗ ಯುಗಾದಿಗೆ ಬಂದಾಗ, ಮಾತು ಕೇಳುವ ಬಲ್ಬುಗಳನ್ನೂ ಒಂದು ಸ್ಪೀಕರ್ ಡಬ್ಬಿಯನ್ನೂ ಹಾಕಿ ಹೋಗಿದ್ದ. ಸ್ವಿಚ್ಚು ಬಾಗಿಲ ಪಕ್ಕ, ದೊಡ್ಡಮ್ಮನ ಮಂಚ ಆಚೆ ಗೋಡೆಗೆ. ರಾತ್ರಿ ಬಚ್ಚಲಿಗೆ ಹೋಗಲು ಅಮ್ಮನಿಗೆ ಅನುಕೂಲವಾಗಲಿ ಅಂತ. ಉದ್ದೇಶ ಒಳ್ಳೆಯದೇ, ಆದರೆ ಈಗ ಮನೆಯಲ್ಲಿ ಅದೇ ಜಗಳ. ದೊಡ್ಡಮ್ಮನ ಪ್ರಕಾರ ಡಬ್ಬಿಗೆ ಸೊಕ್ಕು. ಸೊಸೆಯ ಪ್ರಕಾರ ಅತ್ತೆಗೆ ಕರೆಯುವುದಕ್ಕೇ ಬರುವುದಿಲ್ಲ. ಫೋನಿನಲ್ಲಿ ಮಗ ಹೇಳುವುದು, ನೆಟ್ ಸರಿಯಿಲ್ಲ.

ಆ ರಾತ್ರಿ ಅಲ್ಲೇ ಉಳಿದೆ. ಹತ್ತು ಗಂಟೆಗೆ ಸೊಸೆ ಅಡಿಗೆಮನೆ ಒರೆಸಿ, ಬರುತ್ತಾ ಬರುತ್ತಾ ಪಟ್‌ಪಟ್ ಅಂತ ಎಲ್ಲ ಸ್ವಿಚ್ಚೂ ಆರಿಸಿಕೊಂಡು ಬಂದಳು. ದೊಡ್ಡಮ್ಮನ ಕೋಣೆಯದನ್ನೂ! ನನಗೆ ನಗು ತಡೆಯಲಿಲ್ಲ. ಪಾಪ, ಅವಳದೇನು ತಪ್ಪು? ವ್ಯರ್ಥವಾಗಿ ಲೈಟು ಉರಿಸಬೇಡ ಅಂತ ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟದ್ದೇ ಅದು. ಆದರೆ ನೋಡಿ, ಗೋಡೆಯ ಸ್ವಿಚ್ಚು ಆರಿದರೆ ಈ ಬಲ್ಬಿಗೆ ಕಿವಿಯೇ ಇರುವುದಿಲ್ಲ. ಅದು ಹೊತ್ತದಿದ್ದಾಗಲೂ ಒಳಗೊಂದು ಪುಟ್ಟ ಯಂತ್ರ ಎಚ್ಚರವಾಗಿದ್ದು ಕರೆಗೆ ಕಾಯುತ್ತಿರಬೇಕು. ಅದಕ್ಕೆ ಅರ್ಧ ವಾಟ್ ಬೇಕೆಂದರೂ ತಿಂಗಳಿಗೆ ಅರ್ಧ ಯೂನಿಟ್ ಆಗದು. ನಾನು ಆ ಒಂದು ಸ್ವಿಚ್ಚಿನ ಪಕ್ಕ ಕುಂಕುಮದ ಬೊಟ್ಟಿಟ್ಟೆ. ಬೊಟ್ಟಿದ್ದದ್ದನ್ನು ಮುಟ್ಟಬೇಡ, ಅಷ್ಟೇ.

ಅರ್ಧ ಕಷ್ಟ ಅಲ್ಲಿಗೇ ತೀರಿತು. ಆದರೆ ಪಡಸಾಲೆಯ ಬಲ್ಬು ಮಾತ್ರ ಮಿಣಮಿಣ ಮಿಟುಕುತ್ತಲೇ ಇತ್ತು. ಇಂಥ ಬಲ್ಬನ್ನು ಮೂರು-ನಾಲ್ಕು ಸಲ ಬೇಗಬೇಗ ಹಾಕಿ ಆರಿಸಿದರೆ, ಹಳೆಯದೆಲ್ಲ ಮರೆತು ಹೊಸದಾಗಿ ಸೇರಿಸಿಕೊಳ್ಳಿ ಎಂದು ಮಿಟುಕತೊಡಗುತ್ತದೆ. ಮೊಮ್ಮಕ್ಕಳು ಸ್ವಿಚ್ಚಿನಲ್ಲಿ ಆಡಿದರೂ ಆಯಿತು, ಮಳೆಗಾಲಿಯಲ್ಲಿ ಕರೆಂಟೇ ಹೋಗಿ ಬಂದು ಹೋಗಿ ಬಂದು ಮಾಡಿದರೂ ಆಯಿತು. (1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಬಂತು, ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಅಷ್ಟು ಹಳೆಯ ನಂಟಿದ್ದೂ ಈ ಕಣ್ಣಾಮುಚ್ಚಾಲೆ ತಪ್ಪಲಿಲ್ಲ!) ಫೋನಿನ ಆ್ಯಪ್‌ನಲ್ಲಿ ಹಳೆಯ ಹೆಸರು ಅಳಿಸಿ, ಬಲ್ಬನ್ನು ಮತ್ತೆ ಸೇರಿಸಬೇಕು. ಅಳಿಸದೆ ಸೇರಿಸಿದರೆ ಒಂದೇ ಹೆಸರಿನ ಎರಡು ಬಲ್ಬು ಕಂಡು ಡಬ್ಬಿ ಗಲಿಬಿಲಿಗೊಳ್ಳುತ್ತದೆ. ಸೇರಿಸುವಾಗ ಒಂದು ಎಚ್ಚರ: ಹೆಚ್ಚಿನ ಬಲ್ಬುಗಳು 2.4 ಗಿಗಾಹರ್ಟ್ಸ್ ವೈಫೈಗಷ್ಟೇ ಸೇರುತ್ತವೆ. ನಿಮ್ಮ ರೂಟರಿನದು ಎರಡು ಹೆಸರು ಕಂಡರೆ, ಕೊನೆಗೆ 5ಜಿ ಅಂತ ಇರುವುದನ್ನು ಬಿಟ್ಟು ಇನ್ನೊಂದನ್ನು ಆರಿಸಿ.

ಇನ್ನು ಭಾಷೆ. ಅಲೆಕ್ಸಾ ನಮ್ಮ ದೇಶಕ್ಕೆ ಬಂದದ್ದು 2017ರಲ್ಲಿ, ಹಿಂದಿ ಕಲಿತದ್ದು 2019ರಲ್ಲಿ. ಮನೆಯಲ್ಲಿಡುವ ಇಂಥ ಡಬ್ಬಿಗಳ ಭಾಷೆಯ ಪಟ್ಟಿಯಲ್ಲಿ ಹೆಚ್ಚಾಗಿ ಕಾಣುವುದು ಇಂಗ್ಲಿಷು, ಹಿಂದಿ. ನಮ್ಮ ಕೋಲಾರದ ಕಡೆ ಮಾತೇ ಅರ್ಧ ಕನ್ನಡ, ಅರ್ಧ ತೆಲುಗು. ದೊಡ್ಡಮ್ಮ ನಿದ್ದೆಗಣ್ಣಲ್ಲಿ “ಲೈಟು ವೆಯ್ಯಿ” ಅಂದರೆ ಅದೇನು ಮಾಡೀತು? ಮಗ ಇಟ್ಟಿದ್ದ ಹೆಸರುಗಳೋ, ‘ಬೆಡ್‌ರೂಮ್ ಲೈಟ್ ಒನ್’, ‘ಬೆಡ್‌ರೂಮ್ ಲೈಟ್ ಟೂ’. ಎಪ್ಪತ್ತು ದಾಟಿದವರು ನಡುರಾತ್ರಿ ಇದನ್ನು ಒಪ್ಪಿಸಬೇಕೇ?

ಪಿಯುಸಿ ಓದುವ ಮೊಮ್ಮಗಳು ಒಂದು ಉಪಾಯ ಮಾಡಿದಳು. ಡಬ್ಬಿಗೆ ಏನು ಕೇಳಿಸಿತು ಅನ್ನುವುದು ಆ್ಯಪ್‌ನಲ್ಲಿ ಬರಹವಾಗಿ ಉಳಿದಿರುತ್ತದೆ. ತೆಗೆದು ನೋಡಿದೆವು. ಉಳಿದದ್ದೆಲ್ಲ ಕಲಸುಮೇಲೋಗರ, ಆದರೆ ‘ದೀಪ’ ಅಂದದ್ದು ಮಾತ್ರ ‘ದೀಪಾ’ ಅಂತ ಹುಡುಗಿಯ ಹೆಸರಾಗಿ ಸರಿಯಾಗಿ ಬಿದ್ದಿತ್ತು! ನಾವು ಹೇಳುವ ಮಾತಿಗೆ ಇಂಥ ಕೆಲಸ ಅಂತ ಗೊತ್ತುಮಾಡಲು ಆ್ಯಪ್‌ನಲ್ಲಿ ‘ರೊಟೀನ್’ ಅಂತ ಒಂದಿದೆ. ಅಲ್ಲಿ ‘ದೀಪಾ ಬಾ’ ಅಂತ ಬರೆದು ಲೈಟು ಹತ್ತುವಂತೆ ಮಾಡಿದೆವು. ಆರಿಸುವುದಕ್ಕೆ ‘ದೀಪಾ ಹೋಗು’ ಅಂತ ಬರೆಯಹೊರಟರೆ ದೊಡ್ಡಮ್ಮ ಒಪ್ಪಲಿಲ್ಲ. “ದೀಪಕ್ಕೆ ಹೋಗು ಅನ್ತಾರೇನೇ? ಮಲಗು ಅನ್ನು.” ಸರಿ, ‘ದೀಪಾ ಮಲಗು’. ಮೊದಮೊದಲು ಎಡವಿತು, ಮೊಮ್ಮಗಳು ಕಾಗುಣಿತ ಎರಡು ಸಲ ಬದಲಿಸಿದ ಮೇಲೆ ಹಿಡಿಯಿತು. ಡಬ್ಬಿಯ ಹೆಸರು ಕರೆದ ಮೇಲೆ ದೊಡ್ಡಮ್ಮ ಅದು ‘ಹ್ಞೂಂ’ ಅನ್ನಲಿ ಅಂತ ಕಾಯುತ್ತಿದ್ದರು. ಕಾಯಬಾರದು. ಕೆಲವೇ ಸೆಕೆಂಡಿಗೆ ಅದು ಕಿವಿ ಮುಚ್ಚಿಕೊಳ್ಳುತ್ತದೆ. ಒಂದೇ ಉಸಿರಿಗೆ ಹೇಳಿಬಿಡಬೇಕು. ಡಬ್ಬಿಯ ಮೇಲೆ ಕೆಂಪು ದೀಪ ನಿಂತಿದ್ದರೆ ಯಾರೋ ಅದರ ಮೈಕಿನ ಗುಂಡಿ ಒತ್ತಿದ್ದಾರೆ ಅಂತ ತಿಳಿಯಿರಿ.

ಮಗ ಹೇಳಿದ ನೆಟ್ಟಿನ ಮಾತೂ ಪೂರ್ತಿ ಸುಳ್ಳಲ್ಲ. ನಮ್ಮ ಮಾತನ್ನು ಅರ್ಥ ಮಾಡುವ ಕೆಲಸ ಹೆಚ್ಚಾಗಿ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ನಡೆಯುತ್ತದೆ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ತಳ್ಳಿದ್ದರು, ಮೇಲಿನ ಗೂಡಿನಲ್ಲಿ ಇಡಿಸಿದೆ. ಕರೆಂಟು ಬಂದ ಮೇಲೂ ಅದು ಏಳಲು ಒಂದೆರಡು ನಿಮಿಷ ಬೇಕು. ರೂಟರಿಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ, ಇಟ್ಟರೆ ಒಳ್ಳೆಯದು.

ಇಷ್ಟಾದರೂ ನನಗೆ ಧೈರ್ಯ ಸಾಲಲಿಲ್ಲ. ಮುಳಬಾಗಿಲಿನಿಂದ ಎಲೆಕ್ಟ್ರೀಷಿಯನ್‌ನನ್ನು ಕರೆಸಿ, ಮಂಚದ ಪಕ್ಕ ಬೇರೆಯೇ ಒಂದು ಸಾದಾ ಬಲ್ಬಿಗೆ ಬೆಡ್ ಸ್ವಿಚ್ ಹಾಕಿಸಿದೆ. ದಿಂಬಿನ ಕೆಳಗೆ ಟಾರ್ಚೂ ಇದೆ. ಮಗನಿಗೆ ಇದು ಹಳೇಕಾಲದ ಬುದ್ಧಿ ಅನ್ನಿಸಿತು. ಅನ್ನಿಸಲಿ, ಎಡವಿ ಬೀಳುವವನು ಅವನಲ್ಲವಲ್ಲ.

ಮೊನ್ನೆ ಫೋನ್ ಮಾಡಿದ್ದೆ. ಮೊಣಕಾಲಿನ ಬಾವು ಇಳಿದಿದೆಯಂತೆ. “ದೀಪಾ ಬರ್ತಾಳೇನು ದೊಡ್ಡಮ್ಮ?” ಅಂದೆ. “ಕರೆದಾಗೆಲ್ಲ ಬರ್ತಾಳೆ. ಕರೆಂಟಿಲ್ಲದ ದಿನ ಮಾತ್ರ ತವರಿಗೆ ಹೋಗ್ತಾಳೆ” ಅಂದರು.